ಮೊದಲ ಮೂರು ಸಾಲು

ನಮ್ಮದು ಪಿರಿಯಾಪಟ್ಟಣದ ಕಡೆ. ಹೊಗೆಸೊಪ್ಪಿನ ಸೀಮೆ. ಸ್ಕೂಲಿಂದ ಬಂದ ಮೇಲೆ ಅಮ್ಮನ ಪಕ್ಕ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುವುದು ನನ್ನ ಕೆಲಸ. ಬೆರಳಿಗೆಲ್ಲ ಅಂಟು ಮೆತ್ತಿ ಕಪ್ಪಾಗುತ್ತಿತ್ತು. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಊಟಕ್ಕೆ ಕೂತರೆ ಅನ್ನವೂ ಕಹಿ.

ಅದಕ್ಕೇ ಇರಬೇಕು, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಕೋಚ್ ಪ್ಯಾಟ್ ಸಮ್ಮಿಟ್ ಕೂಡ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ ಅಂತ ಓದಿದ ದಿನ ನನಗೆ ಅವರು ದೂರದವರು ಅನ್ನಿಸಲೇ ಇಲ್ಲ. ನಾನು ಡಿಗ್ರಿ ಕಾಲೇಜೊಂದರಲ್ಲಿ ಪಿ.ಇ. ಮೇಡಂ. ಹದಿನಾರು ವರ್ಷದಿಂದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮ್ ನೋಡಿಕೊಳ್ಳುತ್ತಿದ್ದೇನೆ. ಈ ಕೆಲಸದಲ್ಲಿ ನನಗೆ ಗುರು ಅಂತ ಒಬ್ಬರಿದ್ದರೆ ಅದು ನಾನು ಯಾವತ್ತೂ ಮುಖ ನೋಡದ ಈ ಹೆಂಗಸು.

ಪ್ಯಾಟ್ ಹುಟ್ಟಿದ್ದು 1952ರಲ್ಲಿ, ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ. ಮೂವರು ಅಣ್ಣಂದಿರು, ಒಬ್ಬ ತಂಗಿ. ಹೊಲ, ಹಸು, ಹುಲ್ಲು, ಹೊಗೆಸೊಪ್ಪು. ಹಗಲೆಲ್ಲ ದುಡಿದು, ರಾತ್ರಿ ಹುಲ್ಲು ತುಂಬುವ ಅಟ್ಟ ಹತ್ತಿ ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಹುಡುಗಿ ಅಂತ ಅಲ್ಲಿ ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಅವರು ಹೋಗಬೇಕಿದ್ದ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ತಂಡವೇ ಇರಲಿಲ್ಲ. ಅಪ್ಪ ರಿಚರ್ಡ್ ಹೆಡ್ ಏನು ಮಾಡಿದರು ಗೊತ್ತಾ? ತಂಡ ಇರುವ ಸ್ಕೂಲು ಸಿಗಲಿ ಅಂತ ಸಂಸಾರವನ್ನೇ ಹೆನ್ರಿಯೆಟ್ಟಾ ಅನ್ನುವ ಊರಿಗೆ ಸಾಗಿಸಿದರು. ಮಗಳ ಆಟಕ್ಕೆ ಊರು ಬದಲಾಯಿಸಿದ ಅಪ್ಪ! ಆದರೆ ಅದೇ ಅಪ್ಪ ಒಂದು ಒಳ್ಳೆ ಮಾತು ಆಡುವ ಪೈಕಿ ಅಲ್ಲ. ಅವರು ಮಗಳನ್ನು ಮೊದಲ ಸಲ ಅಪ್ಪಿಕೊಂಡದ್ದು 1996ರಲ್ಲಿ, ಅವಳು ಕೋಚ್ ಆಗಿದ್ದ ಟೀಮ್ ಚಾಂಪಿಯನ್ ಆದಾಗ. ಮಗಳಿಗೆ ಆಗ 43 ವರ್ಷ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಮನೆಯಲ್ಲೂ ಪ್ರೀತಿ ಅಂದರೆ ಬಸ್ ಚಾರ್ಜಿಗೆ ಕೈಗಿಡುವ ದುಡ್ಡು, ಅಷ್ಟೇ. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ.

1974ರಲ್ಲಿ ಅವರು ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಬಂದದ್ದು ಸ್ನಾತಕೋತ್ತರ ಪದವಿ ಓದುತ್ತಾ ಸಹಾಯಕಿಯಾಗಿ ಕೆಲಸ ಮಾಡಲು. ಅಷ್ಟರಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಇದ್ದ ಕೋಚ್ ರಜೆ ಮೇಲೆ ಹೋದರು. 22ನೇ ವಯಸ್ಸಿಗೆ ಪ್ಯಾಟ್ ಅವರೇ ಮುಖ್ಯ ಕೋಚ್. ತಿಂಗಳಿಗೆ 250 ಡಾಲರ್. ಟೀಮಿನ ಕೆಲವರು ಅವರಿಗಿಂತ ಒಂದೇ ವರ್ಷ ಚಿಕ್ಕವರು. ವ್ಯಾನ್ ಓಡಿಸುವವರೂ ಅವರೇ, ಜರ್ಸಿ ಒಗೆಯುವವರೂ ಅವರೇ. ಮೊದಲ ಪಂದ್ಯ ಒಂದೇ ಪಾಯಿಂಟಿನಲ್ಲಿ ಸೋತರು. ಜೊತೆಗೆ ಕ್ಲಾಸು ತೆಗೆದುಕೊಳ್ಳಬೇಕು, ತಾವೂ ಓದಬೇಕು, ಪೆಟ್ಟಾದ ಮಂಡಿಗೆ ಆಪರೇಷನ್ ಆಗಿ ಒಲಿಂಪಿಕ್ಸ್‌ಗೆ ಮೈ ಹುರಿಗೊಳಿಸಬೇಕು. ಹಟ ಬಿಡಲಿಲ್ಲ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ, ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ, ಬೆಳ್ಳಿ ಗೆದ್ದ ತಂಡದಲ್ಲಿ ಆಡಿದರು. 1984ರಲ್ಲಿ ಚಿನ್ನ ಗೆದ್ದ ತಂಡಕ್ಕೆ ಅವರೇ ಕೋಚ್.

ಆ ಜರ್ಸಿ ಒಗೆಯುವ ವಿಷಯ ಓದಿದಾಗಲೆಲ್ಲ ನನ್ನ ಮೊದಲ ಕಾಲೇಜು ನೆನಪಾಗುತ್ತದೆ. ಹನ್ನೆರಡು ಜರ್ಸಿ ಇದ್ದವು, ಹುಡುಗರು ಆಡಿ ಬಿಟ್ಟದ್ದು. ಪ್ರತಿ ಶನಿವಾರ ನಾನೇ ಮನೆಗೆ ಒಯ್ದು, ಬಕೆಟ್ಟಿನಲ್ಲಿ ನೆನೆಹಾಕಿ ಒಗೆಯುತ್ತಿದ್ದೆ. 7ನೇ ನಂಬರಿನ ಜರ್ಸಿ ಬಣ್ಣ ಬಿಟ್ಟು ಉಳಿದ ಹನ್ನೊಂದಕ್ಕೂ ಹತ್ತಿತ್ತು. ಹೊಸದು ಕೊಡಿಸಿ ಅಂತ ಕಾಲೇಜಿನವರನ್ನು ಕೇಳಲು ಹೋದರೆ, "ಹುಡುಗಿಯರಿಗೆ ಇಷ್ಟು ಸಾಕಲ್ವಾ ಮೇಡಂ? ಮದುವೆ ಆದ್ಮೇಲೆ ಆಡ್ತಾರಾ?" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹುಡುಗಿಯರಿಗೆ ಇಷ್ಟು ಸಾಕು ಅನ್ನುವ ಮಾತನ್ನು ಪ್ಯಾಟ್ 38 ಸೀಸನ್ ಒಪ್ಪಲಿಲ್ಲ. ನನಗೆ ಅವರಲ್ಲಿ ದೊಡ್ಡದಾಗಿ ಕಾಣುವುದು ಇದೇ. ಗೆಲುವಿನ ಲೆಕ್ಕ ಎಲ್ಲರಿಗೂ ಗೊತ್ತು: 1,098 ಗೆಲುವು, 208 ಸೋಲು, 8 ರಾಷ್ಟ್ರೀಯ ಪ್ರಶಸ್ತಿ. 1997–98ರಲ್ಲಿ 39ಕ್ಕೆ 39 ಪಂದ್ಯವನ್ನೂ ಗೆದ್ದರು. ಆದರೆ ನಾನು ನನ್ನ ಹುಡುಗಿಯರಿಗೆ ಹೇಳುವುದು ಬೇರೆ ಲೆಕ್ಕ. ಅವರ ಬಳಿ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬ ಹುಡುಗಿಯೂ ಡಿಗ್ರಿ ಮುಗಿಸಿಯೇ ಹೊರಬಂದಳು. ಅವರ ಟೀಮಿಗೆ ಒಂದು ನಿಯಮ ಇತ್ತು. ಕ್ಲಾಸಿನಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಕಾರಣ ಇಲ್ಲದೆ ಕ್ಲಾಸ್ ತಪ್ಪಿಸಿದರೆ ಪಂದ್ಯ ಇಲ್ಲ. ಎಷ್ಟು ದೊಡ್ಡ ಆಟಗಾರ್ತಿಯಾದರೂ ಸರಿ.

ಅವರ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಶುರುವಿನ ವರ್ಷಗಳಲ್ಲಿ ಒಮ್ಮೆ ಹುಡುಗಿಯರು ರಾತ್ರಿಯೆಲ್ಲ ಪಾರ್ಟಿ ಮಾಡಿದರು ಅಂತ ಗೊತ್ತಾಗಿ, ಕೋರ್ಟಿನ ನಾಲ್ಕು ಮೂಲೆಗೂ ಕಸದ ಡಬ್ಬಿ ಇಡಿಸಿ, ವಾಂತಿ ಆಗುವ ತನಕ ಓಡಿಸಿದ್ದರಂತೆ. ನಾನು ಹಾಗೆ ಮಾಡಲಾರೆ, ಮಾಡಲೂಬಾರದು. ನಮ್ಮಲ್ಲಿ ಎಷ್ಟೋ ಹುಡುಗಿಯರು ಬೆಳಿಗ್ಗೆ ತಿಂಡಿ ತಿನ್ನದೆ ಬಸ್ ಹತ್ತಿರುತ್ತಾರೆ. ಆದರೆ ಪ್ಯಾಟ್ ಅವರ ಆ ಕೆಕ್ಕರುಗಣ್ಣಿನ ನೋಟ ಇದೆಯಲ್ಲ, ಅದರ ಅರ್ಥ ನನಗೆ ತಿಳಿಯುತ್ತದೆ. "ನಿನ್ನ ಕೈಲಿ ಇನ್ನೂ ಆಗುತ್ತೆ, ನನಗೆ ಗೊತ್ತು" ಅನ್ನುವ ನೋಟ ಅದು. ನಮ್ಮ ಹುಡುಗಿಯರು ಹುಟ್ಟಿದಾಗಿಂದ ಕೇಳಿರುವುದು "ಸಾಕು ಬಿಡು, ದಣೀತೀಯ" ಅಂತ. ನಿನ್ನಿಂದ ಜಾಸ್ತಿ ಬೇಕು ಅಂತ ಕೇಳುವವರು ಒಬ್ಬರಾದರೂ ಬೇಡವಾ?

ಇನ್ನೊಂದು ಕತೆ ಹೇಳಲೇಬೇಕು. 1990ರಲ್ಲಿ ಪ್ಯಾಟ್ ತುಂಬು ಗರ್ಭಿಣಿ. ಒಬ್ಬ ಹುಡುಗಿಯನ್ನು ಟೀಮಿಗೆ ಕರೆಯಲು ಪೆನ್ಸಿಲ್ವೇನಿಯಾಕ್ಕೆ ವಿಮಾನದಲ್ಲಿ ಹೋಗಿದ್ದರು. ಅಲ್ಲೇ ಹೆರಿಗೆ ನೋವು ಶುರು. ವಾಪಸ್ ಬರುವಾಗ ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸೋಣ ಅಂದರೆ ಬಿಲ್‌ಕುಲ್ ಒಪ್ಪಲಿಲ್ಲ. ಆ ವರ್ಷ ಅವರ ಟೀಮನ್ನು ಸೋಲಿಸಿ ಟೂರ್ನಿಯಿಂದ ಹೊರಗೆ ಹಾಕಿದ್ದು ವರ್ಜೀನಿಯಾ ತಂಡ! ಮಗ ಟೈಲರ್ ಹುಟ್ಟಿದ್ದು ಟೆನೆಸ್ಸಿಯಲ್ಲೇ.

2011ರ ಆಗಸ್ಟಿನಲ್ಲಿ, 59ನೇ ವಯಸ್ಸಿಗೆ, ತಮಗೆ ಅಲ್ಝೈಮರ್ ಕಾಯಿಲೆ ಶುರುವಾಗಿದೆ ಅಂತ ಅವರೇ ಎಲ್ಲರೆದುರು ಹೇಳಿದರು. ಮುಚ್ಚಿಡಲಿಲ್ಲ. ಮರೆವಿನ ರೋಗವನ್ನು ನಾವು ಮನೆಯೊಳಗೇ ಮುಚ್ಚಿಡುತ್ತೇವೆ, ನೆಂಟರಿಗೂ ಹೇಳುವುದಿಲ್ಲ. ಅವರು ಹೇಳಿ, ಇನ್ನೂ ಒಂದು ಸೀಸನ್ ಬೆಂಚಿನ ಪಕ್ಕ ಕೂತರು. 2012ರ ಏಪ್ರಿಲ್‌ನಲ್ಲಿ ಜವಾಬ್ದಾರಿಯನ್ನು ಹಾಲಿ ವಾರ್ಲಿಕ್‌ಗೆ ಒಪ್ಪಿಸಿದರು. ಹಾಲಿ ಮೊದಲು ಅವರ ಬಳಿ ಆಡಿದವಳು, ಆಮೇಲೆ ಎಷ್ಟೋ ವರ್ಷ ಸಹಾಯಕ ಕೋಚ್ ಆಗಿ ಪಕ್ಕದಲ್ಲೇ ಇದ್ದವಳು. ಅವಳ ಕೈಗೆ ಪ್ಯಾಟ್ ತಮ್ಮ ಸೀಟಿ ಕೊಟ್ಟರು. 2016ರ ಜೂನ್ 28ರಂದು ತೀರಿಕೊಂಡಾಗ ಅವರಿಗೆ 64 ವರ್ಷ.

ಆ ವರ್ಷವೇ ನಾನು ಮೂರು ಸಾಲಿನ ನಿಯಮ ನಮ್ಮ ಟೀಮಿಗೂ ತಂದದ್ದು. ಮೊದಮೊದಲು ಹುಡುಗಿಯರು ಗೊಣಗಿದರು. ಈಗ ನಾನು ಹೇಳುವುದೇ ಬೇಡ. ಮೊನ್ನೆ ಮಂಗಳವಾರ ಎಕನಾಮಿಕ್ಸ್ ಕ್ಲಾಸಿನ ಕಿಟಕಿ ಪಕ್ಕ ಹಾದುಹೋಗುವಾಗ ನೋಡಿದೆ. ಎರಡನೇ ಬೆಂಚಿನಲ್ಲಿ ನಮ್ಮ ಟೀಮಿನ ಆಟ ನಡೆಸುವ ಹುಡುಗಿ, ಪಾಯಿಂಟ್ ಗಾರ್ಡ್, ಕೂತು ಬರೆಯುತ್ತಿದ್ದಳು. ಅವಳೂ ನಮ್ಮ ಕಡೆಯವಳೇ. ಪೆನ್ನು ಹಿಡಿದ ಬೆರಳುಗಳ ತುದಿ ಕಪ್ಪಾಗಿತ್ತು, ಹೊಗೆಸೊಪ್ಪಿನ ಅಂಟಿನಿಂದ. ನನ್ನನ್ನು ನೋಡಿದಳು. ನಾನು ಕೈ ತೋರಿಸಿ ಬೋರ್ಡು ನೋಡು ಅಂದೆ.