ರಂಗಭಾವನ ಕಾಡಿನಲ್ಲಿ

ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ತಿಂಗಳು ನಾನು ದೇವರ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ನಾಸ್ತಿಕನಾಗಿದ್ದೆನೆಂದಲ್ಲ, ಮುನಿಸು ಅಷ್ಟೇ. ಬಿಳಿಗಿರಿರಂಗ ನಮ್ಮ ಮನೆದೇವರು. ವರ್ಷ ತುಂಬುವುದರೊಳಗೆ ಒಮ್ಮೆ ಹೋಗಿ ಬಾ ಎಂಬ ಅಮ್ಮನ ಮಾತು ಮೀರಲಾಗದೆ ಕಾರ್ತಿಕದ ಒಂದು ಬೆಳಿಗ್ಗೆ ಯಳಂದೂರಿನಲ್ಲಿ ಬೆಟ್ಟದ ಬಸ್ ಹತ್ತಿದೆ.

ತಪಾಸಣಾ ಗೇಟು ದಾಟಿದ ಮೇಲೆ ಕುರುಚಲು ಕಾಡು. ತಿರುವುಗಳನ್ನೇರಿದಂತೆ ಮರಗಳು ಎತ್ತರವಾದವು, ಗಾಳಿ ತಣ್ಣಗಾಯಿತು. ಸುಮಾರು 5,000 ಅಡಿ ಎತ್ತರದ ದೇಗುಲದ ಬಳಿ ಮಂಜು ಎಷ್ಟಿತ್ತೆಂದರೆ, ಪ್ರಪಾತದಂಚಿನ ಬಂಡೆ ಕಾಣಿಸಿದ್ದು ಅದನ್ನು ಮುಟ್ಟಿದಾಗಲೇ. ಸಾಲಿನಲ್ಲಿ ನಿಂತೆ, ತೀರ್ಥ ತೆಗೆದುಕೊಂಡೆ, ಹೊರಬಂದೆ. ಒಳಗೇನೂ ಕದಲಲಿಲ್ಲ. ಸ್ವಾಮಿಗೆ ಭಕ್ತರು ಒಪ್ಪಿಸುವ ಭಾರಿ ಚರ್ಮದ ಪಾದರಕ್ಷೆಗಳು ಮಾತ್ರ ಕಣ್ಣಲ್ಲಿ ನಿಂತವು. ರಂಗ ರಾತ್ರಿ ಕಾಡು ಸುತ್ತುತ್ತಾನಂತೆ, ಮೆಟ್ಟು ಸವೆಯುತ್ತವಂತೆ. ಕುಳಿತಲ್ಲಿ ಕೂರದ ದೇವರು ಎಂಬುದೇನೋ ಹಿಡಿಸಿತು.

ಅಲ್ಲಿಂದ ನೋಡಲು ಹೊರಟ ದೊಡ್ಡ ಸಂಪಿಗೆ ಎಂಬ ಪೂಜೆಯ ಹೆಮ್ಮರ ಇರುವುದು ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಅನುಮತಿ ಪಡೆದು, ಈ ಬೆಟ್ಟದ ಕಾಡಿನ ಜನರಾದ ಸೋಲಿಗರ ಪೋಡೊಂದರ, ಅಂದರೆ ಹಾಡಿಯೊಂದರ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಜೀಪಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಅವರು ರಂಗಸ್ವಾಮಿಯನ್ನು 'ರಂಗಭಾವ' ಎಂದೇ ಕರೆಯುತ್ತಿದ್ದರು. ರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ, ಅವಳನ್ನು ಒಲಿಸಿಕೊಂಡು ಮದುವೆಯಾದ ಕಥೆಯನ್ನು ಪಕ್ಕದ ಮನೆಯ ಸುದ್ದಿಯಂತೆ ಹೇಳಿದರು. ಅಳಿಯನಾದ ಮೇಲೆ ಅವನು ಭಾವನೇ ತಾನೆ? ಭಾವನನ್ನು ಛೇಡಿಸಬಹುದು, ಜರೆಯಬಹುದು, ಸಿಟ್ಟು ಬಂದರೆ ಮಾತು ಬಿಡಬಹುದು. ಕೈಮುಗಿದು ನಡುಗುತ್ತ ನಿಲ್ಲಬೇಕಾದದ್ದಿಲ್ಲ. ನಮ್ಮ ಮನೆಯಲ್ಲಿ ಈ ಸಲುಗೆ ಯಾರಿಗೂ ಇರಲಿಲ್ಲ. ಅಪ್ಪ ಕೂಡ ದೇವರೆದುರು ಮೇಲಧಿಕಾರಿಯ ಮುಂದೆ ನಿಂತ ಗುಮಾಸ್ತರಂತೆ ನಿಲ್ಲುತ್ತಿದ್ದರು.

ರಸ್ತೆಯ ಎರಡೂ ಬದಿ ಲಂಟಾನ ಗೋಡೆಯಂತೆ ಬೆಳೆದಿತ್ತು. "ತರಗು ಬೆಂಕಿ ಹಾಕುತ್ತಿದ್ದೆವು, ಇದು ಹೀಗೆ ಏಳುತ್ತಿರಲಿಲ್ಲ" ಎಂದರು ಹಿರಿಯರು. 1974ರಲ್ಲಿ ವನ್ಯಜೀವಿ ಧಾಮವಾದ ಮೇಲೆ ಹಳೆಯ ಬೇಸಾಯವೂ ಬೆಂಕಿಯೂ ನಿಂತವು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ದೇವರು, ಮಾರಮ್ಮ, ಕಲ್ಲುಗುಡಿ, ವೀರು, ಅಬ್ಬಿ ಎಂದು ಅವರು ಕಾಡಿನಲ್ಲಿರುವ ತಮ್ಮ ಕುಲದ ಪವಿತ್ರ ತಾಣಗಳನ್ನು ಬೆರಳು ಮಡಚಿ ಎಣಿಸಿದರು. ಒಂದಕ್ಕೂ ಗೋಪುರವಿಲ್ಲ. ಅಬ್ಬಿ ಎಂದರೆ ಬರೀ ನೀರಿನ ಸೆಲೆ.

ಭಾರ್ಗವಿ ಹೊಳೆಯ ಸದ್ದು ಕೇಳುವಲ್ಲಿ ಜೀಪು ನಿಂತಿತು. ಚಪ್ಪಲಿ ಬಿಟ್ಟು ಇಳಿದೆ. ಸಂಪಿಗೆ ಎಂದರೆ ನನಗೆ ಅಮ್ಮನ ಜಡೆಯ ಹೂವು. ಇದು ಗೋಡೆಯಂಥ ಕಾಂಡ, ಬೆಟ್ಟದ ನರಗಳಂತೆ ಬಿಟ್ಟ ಬೇರು, ಪಾಚಿ. ತುದಿ ನೋಡಲು ಕತ್ತೆತ್ತಿದರೆ ಮಂಜಿನ ಹನಿ ಕಣ್ಣಿಗೇ ಬಿತ್ತು. ಬುಡದಲ್ಲಿ ಕಲ್ಲಿನ ಲಿಂಗಗಳು. ರಂಗನ ಬೆಟ್ಟದಲ್ಲಿ ಶಿವನೇ ಎಂದು ನಾನು ಹುಬ್ಬೇರಿಸಿದೆ. ಹಿರಿಯರಿಗೆ ಅದು ಪ್ರಶ್ನೆ ಎಂದೇ ಅನ್ನಿಸಲಿಲ್ಲ. ಬೇರಿಗೊಂದು ಊದುಬತ್ತಿ ಸಿಕ್ಕಿಸಿ, ಮರವನ್ನು ಮುಟ್ಟಿ, ಹೊಳೆಯ ಕಡೆ ಹೋದರು.

ಒದ್ದೆ ತೊಗಟೆಗೆ ಅಂಗೈ ಇಟ್ಟೆ. ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ. ಬಂದದ್ದು ಬೈಗುಳ. ಆಸ್ಪತ್ರೆಯ ಆ ರಾತ್ರಿ ಎಲ್ಲಿ ಸುತ್ತುತ್ತಿದ್ದೆ, ಅಷ್ಟು ದೊಡ್ಡ ಮೆಟ್ಟು ಇಟ್ಟುಕೊಂಡು ಅಲ್ಲಿಯವರೆಗೆ ಬರಲಾಗಲಿಲ್ಲವೇ ಎಂದೆ. ಬಾಯಿಬಿಟ್ಟೇ ಹೇಳಿದೆ. ಮರ ಕೇಳಿಸಿಕೊಂಡಿತೋ, ಮರದೊಳಗಿನವನು ಕೇಳಿಸಿಕೊಂಡನೋ, ಅಂತೂ ಯಾರೋ ಹತ್ತಿರದಲ್ಲೇ ಇದ್ದರು. ಇಷ್ಟು ಹತ್ತಿರ ಯಾವ ಗರ್ಭಗುಡಿಯ ಮುಂದೆಯೂ ನನಗೆ ಅನ್ನಿಸಿರಲಿಲ್ಲ. ಅಳು ಬಂತು. ಕಾಲಿಗೆ ಹತ್ತಿದ ಎರಡು ಜಿಗಣೆ ಆಗ ಗೊತ್ತೇ ಆಗಲಿಲ್ಲ.

"ಎದ್ದೇಳಿ, ಆನೆ ಲದ್ದಿ ಹಸಿಯಾಗಿದೆ" ಎಂದರು ಹಿರಿಯರು. ಕಣ್ಣೊರೆಸಿಕೊಂಡು ಎದ್ದೆ. ಬೈಯುವುದು ಇನ್ನೂ ಬಾಕಿಯಿತ್ತು.