ಹತ್ತು ವರ್ಷ ಮುಟ್ಟದ ಹಣ

2025 ಮಾರ್ಚ್ 9, ಭಾನುವಾರ
ಸಿದ್ದಾಪುರ, ಕೊಡಗು

ಅಣ್ಣನ ಮಗ ಮಧ್ಯಾಹ್ನ ಬಂದು ಹೇಳಿಹೋದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಈ ಸಲದ ರೊಬಸ್ಟಾ ಕಾಫಿ ಚೆರಿ ಮಾರಿ ಬಂದ ಹಣದಲ್ಲಿ ಕೂಲಿಯ ಬಾಕಿಯನ್ನೂ ಗೊಬ್ಬರದ ಅಂಗಡಿಯ ಸಾಲವನ್ನೂ ತೀರಿಸಿ, ಉಳಿದದ್ದನ್ನೆಲ್ಲ ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯಕ್ಕೆ ಹಾಕಿ ಹತ್ತು ವರ್ಷ ಅದರ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಅವನು ತೀರ್ಮಾನಿಸಿದ್ದಾನೆ. ಅತ್ತಿಗೆಗೆ ಇನ್ನೂ ಹೇಳಿಲ್ಲವಂತೆ.

ಅವನು ಅವಸರದ ಹುಡುಗನಲ್ಲ, ಅದಕ್ಕೇ ನನಗೆ ಹೆಚ್ಚು ಚಿಂತೆ. ಒಟ್ಟು 2.1 ಕೋಟಿಗಿಂತ ಹೆಚ್ಚು ಬಿಟ್‌ಕಾಯಿನ್ ಎಂದಿಗೂ ಹುಟ್ಟುವುದಿಲ್ಲ, ಕಳೆದ ವರ್ಷದ ಏಪ್ರಿಲ್‌ನಲ್ಲಿ ಕಂಪ್ಯೂಟರ್ ನಡೆಸಿ ಹೊಸ ನಾಣ್ಯ ಹುಟ್ಟಿಸುವ ‘ಗಣಿಗಾರ’ರಿಗೆ ಪ್ರತಿ ಸಲ ಸಿಗುವ ಪ್ರತಿಫಲ 6.25 ನಾಣ್ಯದಿಂದ 3.125ಕ್ಕೆ ಇಳಿಯಿತು, ಅದೇ ವರ್ಷದ ಜನವರಿಯಲ್ಲಿ ಅಮೆರಿಕದಲ್ಲಿ ನೇರವಾಗಿ ಬಿಟ್‌ಕಾಯಿನ್ ಹಿಡಿದಿಡುವ ಇಟಿಎಫ್‌ಗಳಿಗೆ (ಷೇರುಪೇಟೆಯಲ್ಲಿ ಕೊಳ್ಳಬಹುದಾದ ನಿಧಿಗಳಿಗೆ) ಅನುಮತಿ ಸಿಕ್ಕಿತು ಎಂದು ಎಲ್ಲವನ್ನೂ ಓದಿಕೊಂಡೇ ಬಂದಿದ್ದಾನೆ. ಈ ಜನವರಿಯಲ್ಲಿ 1,09,000 ಡಾಲರಿನ ಹತ್ತಿರ ಹೋಗಿದ್ದ ಬೆಲೆ ಫೆಬ್ರವರಿ ಕೊನೆಗೆ 80,000ದ ಕೆಳಗೆ ಇಳಿದದ್ದನ್ನು ತೋರಿಸಿ, ಕೊಳ್ಳುವುದಾದರೆ ಈಗಲೇ ಕೊಳ್ಳಬೇಕು ಎಂದ. ಪ್ರತಿ ಕುಸಿತದ ನಂತರವೂ ಹಿಂದಿನದಕ್ಕಿಂತ ಎತ್ತರಕ್ಕೆ ಏರಿದೆಯಲ್ಲ ಎಂದು ಕೇಳಿದಾಗ ನಾನು ಅಲ್ಲಗಳೆಯಲಿಲ್ಲ, ಈವರೆಗೆ ಹಾಗೆಯೇ ಆಗಿದೆ. ಆದರೆ ಅದು ಬಿಟ್‌ಕಾಯಿನ್ ಒಂದರ ಇತಿಹಾಸ. ಲೂನಾ ಎಂಬ ನಾಣ್ಯ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಬಹುತೇಕ ಸೊನ್ನೆಗೆ ಬಂದು ನಿಂತಿತು, ಅದನ್ನು ಹಿಡಿದು ಕೂತವರ ತಾಳ್ಮೆಗೆ ಯಾವ ಬೆಲೆಯೂ ಸಿಗಲಿಲ್ಲ.

ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ಈ ಹತ್ತು ವರ್ಷಗಳಲ್ಲಿ ನಿನಗೆ ಯಾವಾಗ ಯಾವಾಗ ದುಡ್ಡು ಬೇಕಾಗುತ್ತದೆ? ಬೇಕಾಗುವುದಿಲ್ಲ, ಪ್ರತಿ ವರ್ಷ ಬೆಳೆ ಬರುತ್ತದಲ್ಲ ಎಂದ. ಹಾಗಾದರೆ ಬರೆದು ನೋಡೋಣ ಎಂದು ಕಾಗದ ತೆಗೆದೆ. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಕಪಾತು (ಗಿಡ ಸವರುವುದು), ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಎರಡು ಸಲದ ಗೊಬ್ಬರ, ಬ್ಯಾಂಕಿನ ಬೆಳೆಸಾಲದ ನವೀಕರಣ, ತಂಗಿಯ ಮದುವೆ, ಅಣ್ಣನ ಮೊಣಕಾಲಿನ ಶಸ್ತ್ರಚಿಕಿತ್ಸೆ. ಪಟ್ಟಿ ಉದ್ದವಾಗುತ್ತಾ ಹೋದಂತೆ ಅವನ ಮುಖ ಬಿಗಿಯಿತು. ನಾನು ಅವನನ್ನು ನೋಯಿಸಲು ಹೊರಟಿರಲಿಲ್ಲ. ಈ ವರ್ಷದ ಕಾಫಿ ಬೆಲೆ ಮುಂದೆಯೂ ಹೀಗೆಯೇ ಇರುತ್ತದೆಂದು ನಂಬಿ ಮಾಡಿದ ಲೆಕ್ಕ ಅದು, ಅಷ್ಟು ಮಾತ್ರ ಅವನಿಗೆ ಕಾಣಬೇಕಿತ್ತು.

ಆಗ ಅವನೇ ಮೆಣಸಿನ ಮಾತು ತೆಗೆದ. ನಮ್ಮ ಮನೆಯಲ್ಲೇ ಬೆಲೆ ಬರಲಿ ಎಂದು ಕಾಳುಮೆಣಸಿನ ಚೀಲಗಳನ್ನು ವರ್ಷಗಟ್ಟಲೆ ಅಟ್ಟದಲ್ಲಿ ಇಟ್ಟುಕೊಂಡಿರಲಿಲ್ಲವೇ, ಇದೂ ಹಾಗೆಯೇ ಅಲ್ಲವೇ ಎಂದ. ಒಳ್ಳೆಯ ಪ್ರಶ್ನೆ. ಕಿಲೋಗೆ ಏಳುನೂರರ ಆಸುಪಾಸಿನಲ್ಲಿದ್ದ ಮೆಣಸು ಕೆಲವೇ ವರ್ಷಗಳಲ್ಲಿ ಅರ್ಧಕ್ಕೆ ಬಂದಾಗ, ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಆಮದು ಮೆಣಸಿಗೆ 500 ರೂಪಾಯಿಯ ಕನಿಷ್ಠ ಬೆಲೆ ಕಟ್ಟಿದರೂ ಇಲ್ಲಿ ದರ ಏಳದೆ ಹೋದಾಗ, ಚೀಲ ಬಿಚ್ಚದೆ ಕೂತವರು ಯಾರು, ಇಳಿದ ಬೆಲೆಗೇ ಗೋಣಿಕೊಪ್ಪಕ್ಕೆ ಸಾಗಿಸಿದವರು ಯಾರು? ಧೈರ್ಯವಂತರು ಇಟ್ಟುಕೊಂಡರು, ಅಂಜುಬುರುಕರು ಮಾರಿದರು ಎಂದು ಈಗ ಮಾತಾಡುವವರಿದ್ದಾರೆ. ಹಾಗೆ ಆಗಲಿಲ್ಲ. ಸಾಲದ ಕಂತು ಇಲ್ಲದವರು ಇಟ್ಟುಕೊಂಡರು, ಇದ್ದವರು ಮಾರಿದರು. ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ 69,000 ಡಾಲರ್ ಮುಟ್ಟಿ ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಬಂತು, ಅಂದರೆ ಡಾಲರ್ ಲೆಕ್ಕದಲ್ಲಿ 100ಕ್ಕೆ 23 ಉಳಿಯಿತು. ಹಳೆಯ ಎತ್ತರಕ್ಕೆ ಮರಳಲು 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆ ನಡುವೆ ಮನೆಗೆ ಕಾಯಿಲೆ ಬಂದಿದ್ದರೆ, ಹತ್ತು ವರ್ಷದ ಸಂಕಲ್ಪ ಒಂದೇ ವರ್ಷಕ್ಕೆ ಮುಗಿದು, ಎಲ್ಲಕ್ಕಿಂತ ಕೆಟ್ಟ ದಿನವೇ ಮಾರಬೇಕಾಗುತ್ತಿತ್ತು.

ಆದ್ದರಿಂದ ನಾನು ಹೇಳಿದ್ದು ಇಷ್ಟು: ಎರಡು ಬೆಳೆ ಕೈಕೊಟ್ಟರೂ ತೋಟ ನಡೆಯುವಷ್ಟು ಹಣವನ್ನು ಮೊದಲು ಬ್ಯಾಂಕಿನಲ್ಲಿ ಇಡು, ಆಮೇಲೆ ಉಳಿದದ್ದರಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮಾತ್ರ, ಅದೂ ಒಂದೇ ದಿನವಲ್ಲ, ತಿಂಗಳು ತಿಂಗಳು ಸಮನಾಗಿ ಹಾಕು. ಅದು ಪೂರ್ತಿ ಹೋದರೂ ನಿನ್ನ ಮನೆಯ ಯಾವ ಕೆಲಸವೂ ನಿಲ್ಲಬಾರದು. ಹತ್ತರಲ್ಲಿ ಒಂದರಿಂದ ಏನಾಗುತ್ತದೆ ಎಂದು ಅವನು ಕೇಳಿದ. ಅವನ ನಂಬಿಕೆ ನಿಜವಾದರೆ ಅಷ್ಟೇ ಸಾಕಾಗುತ್ತದೆ, ಸುಳ್ಳಾದರೆ ಅಷ್ಟೇ ಹೋಗುತ್ತದೆ ಎಂದೆ.

ತೆರಿಗೆಯ ವಿಷಯ ಅವನಿಗೆ ಅರ್ಧ ಗೊತ್ತಿತ್ತು. ಲಾಭದ ಮೇಲೆ 30 ಶೇಕಡಾ ತೆರಿಗೆ, ಮೇಲೆ ಸೆಸ್, ಮಾರುವಾಗ 1 ಶೇಕಡಾ ಟಿಡಿಎಸ್ ಎಂಬುದು ಗೊತ್ತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ ಎಂಬುದು ಗೊತ್ತಿರಲಿಲ್ಲ. ಹತ್ತು ವರ್ಷ ಇಟ್ಟುಕೊಂಡರೂ ದರದಲ್ಲಿ ರಿಯಾಯಿತಿ ಇಲ್ಲ.

ಇಷ್ಟರವರೆಗೆ ನನ್ನ ಮನಸ್ಸು ಶಾಂತವಾಗಿಯೇ ಇತ್ತು. ನಾಣ್ಯಗಳನ್ನು ಎಲ್ಲಿ ಇಡುತ್ತೀಯ ಎಂದು ಕೇಳಿದ ಮೇಲೆ ಕೆಟ್ಟಿತು. ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್‌ನಲ್ಲಿ ಬಿಡುವುದಿಲ್ಲ ಎಂದ, ಅದು ಸರಿಯೇ. ಕಳೆದ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳವಾದವು, ಅದರ ಗ್ರಾಹಕರು ತಮ್ಮ ನಾಣ್ಯಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಮೊನ್ನೆ ಫೆಬ್ರವರಿ 21ರಂದು ಬೈಬಿಟ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ನಿಂದ ಹೋದದ್ದು ಸುಮಾರು 150 ಕೋಟಿ ಡಾಲರ್. ಬ್ಯಾಂಕ್ ಠೇವಣಿಗಿರುವ ಐದು ಲಕ್ಷದ ವಿಮೆ ಇಲ್ಲಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಅವನು ನಾಣ್ಯಗಳ ಗುಪ್ತ ಕೀಲಿಯನ್ನು ಇಡುವ ಸಣ್ಣ ಸಾಧನವಾದ ಹಾರ್ಡ್‌ವೇರ್ ವಾಲೆಟ್ ತರಿಸಿಕೊಂಡು, ಈಗಾಗಲೇ ಕೊಂಡಿರುವ ಸ್ವಲ್ಪವನ್ನು ಅದಕ್ಕೆ ವರ್ಗಾಯಿಸಿದ್ದಾನೆ. ಆದರೆ ಅದನ್ನು ಮರಳಿ ಪಡೆಯುವ 24 ಪದಗಳನ್ನು ಬರೆದಿಟ್ಟದ್ದು ಎಲ್ಲಿ? ಜೀಪಿನಿಂದ ತಂದು ತೋರಿಸಿದ. ಕೂಲಿಯವರ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕದ ಕೊನೆಯ ಹಾಳೆ, ಬಾಲ್‌ಪೆನ್ನಿನ ನೀಲಿ ಅಕ್ಷರ, ಎರಡು ಕಾಲಂಗಳಲ್ಲಿ ಹನ್ನೆರಡು ಹನ್ನೆರಡು. ಹಾಳೆಯ ಮೇಲಿನ ಮೂಲೆಯಲ್ಲಿ ಆಗಲೇ ಬೂಷ್ಟಿನ ಬೂದು ಚುಕ್ಕೆಗಳು, ಏಳನೆಯ ಪದದ ಬಾಲ ನೀರಿಗೆ ಹರಡಿ ಎರಡು ಬಗೆಯಲ್ಲಿ ಓದಬಹುದಿತ್ತು. ಮೊಬೈಲಿನಲ್ಲಿ ಫೋಟೋ ಇದೆ ಎಂದು ಸಮಾಧಾನ ಹೇಳಿದಾಗ ನನಗೆ ಇನ್ನಷ್ಟು ಹೆದರಿಕೆಯಾಯಿತು, ಏಕೆಂದರೆ ಆ ಫೋಟೋ ಕಂಡವನಿಗೆ ವಾಲೆಟ್ ಬೇಕೇ ಆಗುವುದಿಲ್ಲ.

ಜೂನ್‌ನಿಂದ ಮೂರು ತಿಂಗಳು ಗೋಡೆಯೇ ಬೆವರುವ ಊರು ನಮ್ಮದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮನೆಯ ಜೊತೆಗೆ ಪಹಣಿಯನ್ನೂ ಪಾಸ್‌ಬುಕ್ಕನ್ನೂ ಕಳೆದುಕೊಂಡವರು ಆಮೇಲೆ ಕಚೇರಿಗಳಿಗೆ ಅಲೆದಾದರೂ ನಕಲು ಪಡೆಯಬಹುದಿತ್ತು. ಈ 24 ಪದಗಳಿಗೆ ನಕಲು ಕೊಡುವ ಕಚೇರಿ ಎಲ್ಲಿಯೂ ಇಲ್ಲ. ಉಕ್ಕಿನ ತಗಡಿನ ಮೇಲೆ ಕೊರೆದು ಎರಡು ಬೇರೆ ಬೇರೆ ಮನೆಗಳಲ್ಲಿ ಇಡಬೇಕು, ಫೋಟೋ ಅಳಿಸಬೇಕು, ಅದಕ್ಕೂ ಮೊದಲು ಹೊಸ ಪದಗಳ ವಾಲೆಟ್ ತೆರೆದು ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು ಎಂದೆ. ಅವನು ಒಪ್ಪಿದ.

ಉಳಿದದ್ದು ಅತ್ತಿಗೆಯ ವಿಷಯ. ಬ್ಯಾಂಕಿನಲ್ಲಿ ನಾಮಿನಿ ಇರುತ್ತಾರೆ, ಇಲ್ಲಿ ಅವನಿಗೆ ಏನಾದರೂ ಆದರೆ ಆ ತಗಡು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ತಗಡು ಎಲ್ಲಿದೆ ಎಂದು ಹೇಳಬೇಕಾದರೆ ಹಣ ಹಾಕಿರುವುದನ್ನೂ ಹೇಳಬೇಕು, ಹೇಳಿದರೆ ತಂಗಿಯ ಮದುವೆಯ ಮಾತು ಬರುತ್ತದೆ. ಅದನ್ನು ಅವನೇ ಹೇಳಲಿ ಎಂದು ನನ್ನ ಆಸೆ, ಆದರೆ ಬುಧವಾರ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅವನು ಬಾಯಿಬಿಟ್ಟಿರದಿದ್ದರೆ, ಅಣ್ಣನ ಎದುರಿಗೆ ನಾನೇ ಹೇಳಬೇಕಾಗುತ್ತದೆ.