ಬಿಗಿಯಾಗಿದ್ದ ರಿಜೆಕ್ಟ್ ವಾಲ್

ಶಹಾಪುರ ಕಡೆಯ ಊರದು. ಶುದ್ಧ ನೀರಿನ ಘಟಕ ತಾಸಿಗೆ 1000 ಲೀಟರ್ ಕೊಡಬೇಕು. ಮೇ ತಿಂಗಳ ಆ ಬೆಳಿಗ್ಗೆ ಬರುತ್ತಿದ್ದದ್ದು 550. ಕ್ಯಾನು ಹಿಡಿದವರ ಸಾಲು ರಸ್ತೆ ಮುಟ್ಟಿತ್ತು. ಬೋರಿನ ಸವಳು ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 1850 ಮಿಲಿಗ್ರಾಂ, ಫ್ಲೋರೈಡ್ 2 ಮಿಲಿಗ್ರಾಂ. ಫ್ಲೋರೈಡಿನ ಮಿತಿಯೇ 1.5. ಹಾಗಾಗಿ ಎರಡು ದಿನ ಬೋರಿನ ನೀರೇ ಕುಡಿಯಿರಿ ಎನ್ನುವಂತಿರಲಿಲ್ಲ.

ಮೊದಲು ಗೇಜು ನೋಡಿದೆವು. 9 ಬಾರ್ ಇರಬೇಕಾದ ಒತ್ತಡ 14ಕ್ಕೆ ಏರಿತ್ತು. ಕಸ ಸೋಸುವ 5 ಮೈಕ್ರಾನ್ ಕಾರ್ಟ್ರಿಡ್ಜಿನ ಹಿಂದೆ ಮುಂದೆ ಒತ್ತಡದಲ್ಲಿ ವ್ಯತ್ಯಾಸವಿಲ್ಲ, ಅಂದರೆ ಕಟ್ಟಿಕೊಂಡಿರುವುದು ಮೆಂಬ್ರೇನೇ, ಒತ್ತಡಕ್ಕೆ ನೀರನ್ನು ದಾಟಿಸಿ ಉಪ್ಪನ್ನು ತಡೆಯುವ ತೆಳು ಪೊರೆ. ರಿಜೆಕ್ಟ್ ನೀರು, ಅಂದರೆ ತಡೆದ ಉಪ್ಪನ್ನು ಹೊತ್ತು ಹೊರಹೋಗುವ ನೀರು, ತಾಸಿಗೆ 1000 ಲೀಟರ್ ಹೋಗಬೇಕಾದಲ್ಲಿ 250 ಮಾತ್ರ.

"ಅಷ್ಟು ನೀರು ಸುಮ್ನ ಗಟಾರಕ್ಕ ಹೋಗ್ತಿದ್ವು ರೀ, ಅದಕ್ಕ ವಾಲ್ ಬಿಗಿ ಮಾಡೀನ್ರಿ," ಎಂದರು ಘಟಕ ನೋಡಿಕೊಳ್ಳುವವರು. ಬರದ ಸೀಮೆಯವರ ಆ ಕಳವಳ ತಪ್ಪಲ್ಲ. ಆದರೆ ಲೆಕ್ಕ ಬೇರೆ. ಒಳಹೋದ 2000 ಲೀಟರಿನ ಉಪ್ಪು 1000 ಲೀಟರ್ ರಿಜೆಕ್ಟಿನಲ್ಲಿ ಉಳಿದರೆ ಎರಡು ಪಟ್ಟು. ಈಗಿನ 800 (550+250) ಲೀಟರಿನದು 250ರಲ್ಲಿ ಉಳಿದರೆ ಮೂರು ಪಟ್ಟಿಗೂ ಮೇಲೆ. ಅಷ್ಟು ಗಟ್ಟಿಯಾದರೆ ಸುಣ್ಣ ಕರಗಿ ನಿಲ್ಲದೆ ಮೆಂಬ್ರೇನಿನ ಮೇಲೆ ಪದರ ಕಟ್ಟುತ್ತದೆ. ಅದನ್ನು ತಡೆಯುವ ಆಂಟಿಸ್ಕೇಲೆಂಟ್ ಡಬ್ಬಿಯೂ ಬರಿದಾಗಿತ್ತು.

ಆ ಪದರ ಕರಗಿಸಲು ಘಟಕದ್ದೇ ಸಿಹಿನೀರು 100 ಲೀಟರ್, ಸಿಟ್ರಿಕ್ ಆಮ್ಲ 2 ಕೆ.ಜಿ. 3 ಬಾರ್ ಒತ್ತಡದಲ್ಲಿ ಅರ್ಧ ತಾಸು ಸುತ್ತಿಸಿ, ಒಂದು ತಾಸು ನೆನೆಯಲು ಬಿಟ್ಟೆವು. ದ್ರಾವಣದ ಪಿಎಚ್ ಮೇಲೇರುತ್ತಿದ್ದರೆ ಸುಣ್ಣ ಆಮ್ಲವನ್ನು ತಿನ್ನುತ್ತಿದೆ ಎಂದರ್ಥ, ಇನ್ನಷ್ಟು ಹಾಕಬೇಕು. ಕಟ್ಟಿದ್ದು ಜಿಪ್ಸಮ್ ಆಗಿದ್ದರೆ ಈ ಆಮ್ಲಕ್ಕೆ ಜಗ್ಗುತ್ತಿರಲಿಲ್ಲ. ಬ್ಲೀಚಿಂಗ್ ಪುಡಿಯನ್ನಂತೂ ಹತ್ತಿರ ತರಬಾರದು, ಕ್ಲೋರಿನ್ ಮೆಂಬ್ರೇನನ್ನೇ ಸುಡುತ್ತದೆ.

ನೆನೆಯುವ ಹೊತ್ತಿನಲ್ಲಿ ಅವರು ಕೇಳಿದರು: "ಸಮುದ್ರದ ನೀರೂ ಹಿಂಗ ಮಾಡ್ತಾರಂತಲ್ರೀ?"

ಮಾಡುತ್ತಾರೆ. ಚೆನ್ನೈ ಬಳಿಯ ಮಿಂಜೂರಿನಲ್ಲಿ 2010ರಲ್ಲಿ ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದ ಘಟಕ ಶುರುವಾಯಿತು. ಸಮುದ್ರದ ಟಿಡಿಎಸ್ 35,000ದ ಆಸುಪಾಸು. ಅದರ ಆಸ್ಮಾಟಿಕ್ ಒತ್ತಡವೇ (ಸಿಹಿನೀರು ಬಿಡಿಸಲು ಮೊದಲು ಮೀರಬೇಕಾದ ಒತ್ತಡ) 27 ಬಾರ್, ಹಾಗಾಗಿ ಪಂಪು 55–65 ಬಾರ್ ಒತ್ತಬೇಕು. 100 ಲೀಟರ್ ಒತ್ತಿದರೆ ಸಿಹಿ ಸಿಗುವುದು 40–45. ಉಳಿದದ್ದು ಹೆಚ್ಚುಕಡಿಮೆ ಅದೇ ಒತ್ತಡ ಹೊತ್ತು ಹೊರಬರುತ್ತದೆ. ಅದನ್ನು ನಮ್ಮಂತೆ ವಾಲ್‌ನಲ್ಲಿ ಬಿಟ್ಟುಬಿಟ್ಟರೆ ಕರೆಂಟಿನ ಅರ್ಧಕ್ಕೂ ಹೆಚ್ಚು ಪಾಲು ನೀರುಪಾಲು. ಅಲ್ಲಿ ಪ್ರೆಶರ್ ಎಕ್ಸ್‌ಚೇಂಜರ್ ಕೂಡಿಸುತ್ತಾರೆ: ತಿರುಗುವ ರೋಟರಿನ ಕೊಳವೆಗಳಲ್ಲಿ, ಹೊರಹೋಗುವ ಉಪ್ಪುನೀರು ಒಳಬರುವ ನೀರನ್ನು ನೇರವಾಗಿ ತಳ್ಳುತ್ತದೆ. ದೊಡ್ಡ ಪಂಪು ಸಿಹಿನೀರಿನಷ್ಟನ್ನೇ ಒತ್ತಿದರೆ ಸಾಕು. ಆಗ 1000 ಲೀಟರಿಗೆ 3–4 ಯೂನಿಟ್. ಈ ಊರಲ್ಲಿ ಒಂದು ಯೂನಿಟ್ ಚಿಲ್ಲರೆ. ರಿಜೆಕ್ಟಿನ ಒತ್ತಡವೂ ಕಡಿಮೆ, ಆ ಯಂತ್ರದ ಖರ್ಚು ಇಲ್ಲಿ ಹುಟ್ಟುವುದಿಲ್ಲ.

ತೊಳೆದು ನಡೆಸಿದಾಗ 9.5 ಬಾರ್‌ನಲ್ಲಿ 930 ಲೀಟರ್ ಬಂತು. ಮೊದಲ 20 ನಿಮಿಷದ ನೀರು ಚೆಲ್ಲಿಸಿದೆವು. ರಿಜೆಕ್ಟ್ ವಾಲ್ ನಿಲ್ಲಬೇಕಾದ ಜಾಗಕ್ಕೆ ಕೆಂಪು ಬಣ್ಣದ ಗುರುತು ಹಾಕಿ, ಆ ಪೈಪನ್ನು ಹಿಂದಿನ ಟಾಕಿಗೆ ತಿರುಗಿಸಿದ್ದಾಯಿತು. ಆ ನೀರು ಕುಡಿಯಲು ಬಾರದು, ದನಕ್ಕೂ ಬೇಡ. ನೆಲ, ಗಾಡಿ ತೊಳೆಯಲು ಅಡ್ಡಿಯಿಲ್ಲ.